ಉಪ್ಪಿನ ಲಾರಿಯ ಹಿಂದೆ

ಹುಣಸೆಹಣ್ಣು ಕಿವುಚಿದ ನೀರು, ಪೆಟ್ರೋಲು, ಬಿಸಿಲಿಗೆ ಕಾದ ರೆಕ್ಸಿನ್, ಮೂರೂ ಬೆರೆತ ವಾಸನೆ. ಮೈಸೂರಿನಲ್ಲಿ ಭಾನುವಾರದ ಬೆಳಿಗ್ಗೆ ಪದ್ಮಜಾಳ ತಂದೆ ಕಾರಿನ ಹಿತ್ತಾಳೆ ಹಾರನ್ ಉಜ್ಜುವಾಗ ಅಂಗಳದ ತುಂಬ ಅದೇ. ಈಗ ಎಪ್ಪತ್ತು ದಾಟಿದ ಮೇಲೆ, ಕಡಲಾಚೆಯ ಜೆರಿಕೋ ಊರಿನ ಮನೆಯ ಗರಾಜಿನ ಬಾಗಿಲು ಎತ್ತಿದಾಗ, ಅದರದೊಂದು ಎಳೆ ಮೂಗಿಗೆ ಬಡಿಯಿತು. ನಿಂತು ಮೂಸಲು ಪುರುಸೊತ್ತಿರಲಿಲ್ಲ.

ಒಳಗೆ ಗಂಡ ಪ್ರಾಣೇಶ ಸೋಫಾಕ್ಕೆ ಒರಗಿ ಏದುಸಿರು ಬಿಡುತ್ತಿದ್ದ. ಹಿಮಗಾಳಿಯಿಂದ ಬೆಲ್‌ರೋಸಿನ ಡಯಾಲಿಸಿಸ್ ಸೆಂಟರ್ ಮುಚ್ಚಿ ಅವನ ಸರದಿ ತಪ್ಪಿತ್ತು. ಪಾದ ಬಾತು ಬೂಟಿಗೆ ಹಿಡಿಸುತ್ತಿರಲಿಲ್ಲ. ಇಂದು ಸೆಂಟರ್ ತೆರೆದಿತ್ತು. ಇಂದೂ ತಪ್ಪಿದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಕರೆದೊಯ್ಯುವ ವ್ಯಾನ್ ಬರುವುದಿಲ್ಲವೆಂದು ಫೋನ್ ಬಂದಿತ್ತು. ಆಂಬುಲೆನ್ಸ್ ಯಾವಾಗ ಬಂದೀತೆಂದು ಯಾರಿಗೂ ಗೊತ್ತಿರಲಿಲ್ಲ.

ಹೊಸ ಕಾರು ಡ್ರೈವ್‌ವೇಯಲ್ಲಿತ್ತು. ಮಗಳು ಹಂಸಿನಿ ಆರಿಸಿದ್ದು; ಸೋಪಿನ ಬಿಲ್ಲೆಯಂತೆ ನುಣುಪು. ಹಿಡಿಕೆ ಕೂಡ ಬಾಗಿಲೊಳಗೇ ಅಡಗಿ, ಮುಟ್ಟಿದರಷ್ಟೇ ಹೊರಬರುವಂಥದ್ದು. ಅದರ ಮೇಲೀಗ ಮಳೆ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಪದ್ಮಜಾ ಕೆರೆದಳು, ಗುದ್ದಿದಳು, ಹೇರ್ ಡ್ರೈಯರ್ ಹಿಡಿದಳು, ಕೊನೆಗೆ ಬೈದಳು: "ಹಿಡ್ಕೊಳ್ಳೋಕೆ ಒಂದು ಕಿವೀನೂ ಇಲ್ವಲ್ಲೋ ನಿಂಗೆ!"

ಉಳಿದದ್ದು ಗರಾಜಿನ ಬೆಂಜ್. ಪ್ರಾಣೇಶ ಅರ್ಧ ಆಯುಷ್ಯ ಕೊಟ್ಟು ಸರಿಮಾಡಿದ ಅರವತ್ತೆಂಟನೇ ಇಸವಿಯ ಗಾಡಿ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿಂದುಹಾಕುತ್ತದೆಂದು ಚಳಿಗಾಲದಲ್ಲಿ ಅದನ್ನು ಎಂದೂ ಹೊರಗೆ ತೆಗೆದವನಲ್ಲ.

ಅದರ ಬಾಗಿಲ ಬೀಗದೊಳಗೆ ಕೀಲಿ ಹೋಗಲಿಲ್ಲ. ಆಯುಧಪೂಜೆಯ ದಿನ, ತಂದೆ ಮಾಡುತ್ತಿದ್ದಂತೆ, ಅವಳೇ ಅಲ್ಲಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಮೈಸೂರಿನಲ್ಲಿ ಎಣ್ಣೆ ಎಣ್ಣೆಯಾಗಿಯೇ ಇರುತ್ತಿತ್ತು. ಇಲ್ಲಿ ಮೇಣವಾಗಿತ್ತು. ದೇವರ ಮನೆಯ ಲೈಟರ್ ತಂದು ಕೀಲಿ ಕಾಯಿಸಿ ತುರುಕಿದಳು, ಬೆರಳು ಸುಟ್ಟಿತು. ಮತ್ತೆ ಕಾಯಿಸಿದಳು.

"ಏನೇ ಅದು?" ಪ್ರಾಣೇಶ ಗೋಡೆ ಹಿಡಿದು ಬಂದು ನಿಂತಿದ್ದ.

"ಬೀಗದಲ್ಲಿ ಕೊಬ್ಬರಿ ಎಣ್ಣೆ ರೀ."

"ಕೆಮಿಸ್ಟ್ ಹೆಂಡ್ತಿಗೆ ಎಣ್ಣೆ ಹೆಪ್ಪುಗಟ್ಟೋದು ಗೊತ್ತಿಲ್ವಾ!" ನಗಲು ಹೋಗಿ ಕೆಮ್ಮಿದ. "ಬೇಡ ಕಣೇ. ಉಪ್ಪಿಗೆ ಇಳಿಸ್ಬೇಡ. ಅದೊಂದಾದ್ರೂ ಉಳೀಲಿ."

"ಅದನ್ನ ಉಳ್ಸಿ ನಾನೇನು ಅದರ ಜೊತೆ ಸಂಸಾರ ಮಾಡ್ಲಾ? ಹತ್ತಿ."

ಬೀಗ ತಿರುಗಿತು. ಕ್ರೋಮಿನ ದಪ್ಪ ಹಿಡಿಕೆ ಅಂಗೈ ತುಂಬ ಸಿಕ್ಕಿತು.

ಜೆರಿಕೋ ಟರ್ನ್‌ಪೈಕ್ ಹೆದ್ದಾರಿ ಹಿಮಗಟ್ಟಿ ಕನ್ನಡಿಯಾಗಿತ್ತು. ಬ್ರೇಕ್ ಒತ್ತಿದರೆ ಗಾಡಿಯ ಹಿಂಭಾಗ ಹಾವಿನಂತೆ ಹೊರಳುತ್ತಿತ್ತು. ಮುಂದೊಂದು ಉಪ್ಪಿನ ಲಾರಿ ಬುಟ್ಟಿಗಟ್ಟಲೆ ಎರಚುತ್ತ ಸಾಗಿತ್ತು. ಪದ್ಮಜಾ ಬಹಳ ಹಿಂದೆ ಉಳಿದಳು. ಪಕ್ಕದಲ್ಲಿ ಪ್ರಾಣೇಶನ ಉಸಿರು ಗೊರಗುಟ್ಟುತ್ತಿತ್ತು. ಗಾಡಿ ಮತ್ತೆ ಜಾರಿ ರಸ್ತೆಯಂಚಿಗೆ ತಾಗುವಂತಾಯಿತು.

"ದೂರ ಯಾಕೆ ಉಳಿದೆ? ಅವನ ಹಿಂದೇನೇ ಹೋಗು, ಉಪ್ಪು ಬಿದ್ದಲ್ಲಿ ಜಾರಲ್ಲ."

"ಗಾಡಿ ಮೇಲೆಲ್ಲ..."

"ಹೋಗು ಅಂದೆ, ಪದ್ದು."

ಹತ್ತಿರವಾದಳು. ಉಪ್ಪು ಆಲಿಕಲ್ಲಿನಂತೆ ಬಾನೆಟ್ಟಿಗೆ ಬಡಿಯಿತು. ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮಗುವನ್ನು ಸವರಿದಂತೆ ಪ್ರಾಣೇಶ ಡ್ಯಾಶ್‌ಬೋರ್ಡನ್ನು ಸವರುತ್ತಿದ್ದ. ಲಾರಿಯವನು ಕನ್ನಡಿಯಲ್ಲಿ ಕಂಡನೋ ಏನೋ, ವೇಗ ತಗ್ಗಿಸಿದ. ಆಮೇಲೆ ಅವಳು ಹಿಂದುಳಿದಾಗಲೆಲ್ಲ ಅವನೂ ನಿಧಾನಿಸಿದ. ಬೆಲ್‌ರೋಸಿನಲ್ಲಿ ಅವಳು ಸಿಗ್ನಲ್ ಹಾಕಿ ತಿರುಗಿದ ಮೇಲೆಯೇ ಮುಂದೆ ಹೋದ.

ನರ್ಸ್ ಸ್ವೆಟರ್ ಕೂಡ ಹಾಕದೆ ವೀಲ್‌ಚೇರ್ ತಳ್ಳಿಕೊಂಡು ಓಡಿಬಂದಳು. ಪ್ರಾಣೇಶನ ತುಟಿ ನೀಲಿಗಟ್ಟಿತ್ತು. ಮೆಷಿನ್ ಶುರುವಾಯಿತು, ಆಕ್ಸಿಜನ್ ಹಾಕಿದರು. ಬಂದದ್ದು ಒಳ್ಳೆಯದಾಯಿತು, ಆದರೆ ಈಗಲೇ ಏನೂ ಹೇಳಲಾರೆ ಎಂದು ಹೇಳಿ ನರ್ಸ್ ಪದ್ಮಜಾಳ ಭುಜ ಮುಟ್ಟಿ ಒಳಗೆ ಹೋದಳು.

ಪದ್ಮಜಾ ಹೊರಗಿನ ಕುರ್ಚಿಯಲ್ಲಿ ಕುಸಿದಳು. ಪಕ್ಕದಲ್ಲಿ, ಪ್ರತಿ ಸರದಿಗೂ ಇಲ್ಲೇ ಸಿಗುವ ಧಾರವಾಡದ ಶೈಲಮ್ಮ ಕುಳಿತಿದ್ದಳು. ಅವಳ ಗಂಡನೂ ಒಳಗೆ ಇನ್ನೊಂದು ಮೆಷಿನ್ನಿಗೆ ಅಂಟಿಕೊಂಡಿದ್ದ.

"ಏನರೆ ತಿಂದೀರೇನ್ರಿ?"

ಪದ್ಮಜಾ ಇಲ್ಲವೆಂದು ತಲೆಯಾಡಿಸಿದಳು. ಶೈಲಮ್ಮ ಡಬ್ಬಿ ತೆರೆದು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿದಳು, ಮೇಲೆ ಪಲ್ಯ ಹಾಕಿದಳು, ಪದ್ಮಜಾಳ ತೊಡೆಯ ಮೇಲಿಟ್ಟು, ಅವಳು ಅಳುವುದು ತನಗೆ ಕಾಣದಂತೆ ಮುಖ ಆಚೆ ತಿರುಗಿಸಿ ಕುಳಿತಳು.