ತೋರಿಸದ ಸ್ಕ್ಯಾನು

ಧಮ್ಮಪಾಲ ಮಾಸ್ತರು ಕುಡಿಯಲು ಶುರು ಮಾಡಿದ್ದಾರೆಂದು ಅಫಜಲಪುರದ ಓಣಿ ತುಂಬ ಗುಸುಗುಸು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ! ಓಣಿಯಲ್ಲಿ ಯಾರದೇ ಮದುವೆಯಿರಲಿ, ಬುದ್ಧವಂದನೆ ಹೇಳಿಸಿ, ಕುಡಿಯೆನೆಂಬ ವ್ರತವೂ ಸೇರಿದ ಪಂಚಶೀಲ ಕೊಡುವವರು ಅವರೇ. ಕೆಲವು ತಿಂಗಳಿಂದ ನಾಲಗೆ ತೊದಲುತ್ತದೆ, ಕಾಲು ಎಳೆಯುತ್ತದೆ, ಅಷ್ಟೇ. ಹೀಗೆ ಆಡಿಕೊಳ್ಳುವವರ ಬಾಯಿಗೆ ಹುಳ ಬೀಳಲಿ ಎಂದು ಹೆಂಡತಿ ಮಾಳಮ್ಮ ದಿನಾ ಶಪಿಸುತ್ತಿದ್ದಳು.

ತಪ್ಪು ಅವಳದೂ ಇತ್ತು. ಲಕ್ವಾ ಇರಬಹುದೆಂದು ಕಲಬುರಗಿಯಲ್ಲಿ ತೆಗೆಸಿದ ಮೊದಲ ಸ್ಕ್ಯಾನು ಸಾಫ್ ಬಂದಾಗ, ಹುಚ್ಚಿ, ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಸಕ್ಕರೆ ತಿಂದವರೇ, ರೋಗ ಇಲ್ಲವೆಂದ ಮೇಲೆ ಬಾಟ್ಲಿಯೇ ಸೈ ಎಂದು ತೀರ್ಮಾನಿಸಿದರು.

ಆಮೇಲೆ ಡಾಕ್ಟರು ಇನ್ನೊಂದು ಬಗೆಯ ಸ್ಕ್ಯಾನು ತೆಗೆಸಿದರು. ಮಿದುಳಿನಿಂದ ನಾಲಗೆಗೆ, ಕೈಕಾಲಿಗೆ ಅಪ್ಪಣೆ ಒಯ್ಯುವ ಬಿಳಿ ಎಳೆಗಳು ಸವೆಯುತ್ತಿವೆ ಎಂದು ತೋರಿಸಿದರು. ಮೋಟಾರ್ ನ್ಯೂರಾನ್ ರೋಗ. ಔಷಧದಿಂದ ತುಸು ನಿಧಾನಿಸಬಹುದು, ವಾಸಿಯಾಗದು. ಮಕ್ಕಳಿಗೆ ಬರುವುದು ಅಪರೂಪ ಎಂದೂ ಹೇಳಿದರು. ಅವತ್ತು ಬಸ್ಸಿನುದ್ದಕ್ಕೂ ಮಾಳಮ್ಮ ಅತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಕುಡಿತದ ಸುದ್ದಿ ಜೇವರ್ಗಿಯ ಬೀಗರಿಗೂ ಮುಟ್ಟಿತು. ಮಣ್ಣೂರಿನಲ್ಲಿ ಟೀಚರಾಗಿರುವ ಮಗಳು ಮಧುಮತಿಯ ಲಗ್ನ ಅವರ ಮಗನೊಂದಿಗೇ ನಿಶ್ಚಯವಾಗಿತ್ತು. ಮಗಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಬೀಗ ಮಹಾದೇವಪ್ಪ ಖುದ್ದು ಬಂದ. ಬರಲಿ ಬಿಡು, ಎರಡನೇ ಸ್ಕ್ಯಾನು ಮುಂದಿಟ್ಟು ಗಂಡನ ಮೇಲಿನ ಕಳಂಕ ತೊಳೆದೇಬಿಡುತ್ತೇನೆ ಎಂದು ಮಾಳಮ್ಮ ಅದರ ಚೀಲ ಹಿಡಿದೇ ಕುಳಿತಳು.

ಜೈ ಭೀಮ್ ಆಯಿತು, ಚಹಾ ಆಯಿತು.

“ಬೀಗರ, ಸಿಟ್ಟಾಗಬ್ಯಾಡ್ರಿ,” ಎಂದ ಮಹಾದೇವಪ್ಪ. “ಕುಡ್ಯಾಕತ್ತಿದ್ರ ಚಿಂತಿ ಇಲ್ಲ, ಬಿಡಸಬಹುದು. ನಮ್ಮಾಕಿಗಿ ಬ್ಯಾರೆನೇ ಅಂಜಿಕಿ. ಅಂದೋಲಾ ಊರಾಗ ಆಕಿ ತವರಮನಿ ಬಾಜೂಕ ಒಬ್ಬಂವಗ ಹಿಂಗೇ ನಾಲಗಿ ಹೊಳ್ಳಲಾರದ ಆಗಿ, ಹಾಸಗಿ ಹಿಡದು ಸತ್ತ. ಮುಂದ ಮಗನಿಗೂ ಅದೇ ಬಂತಂತ. ಅಂಥಾ ಬ್ಯಾನಿ ಇರೋ ಮನಿ ಹೆಣ್ಣ ಬ್ಯಾಡೇ ಬ್ಯಾಡಂತ ಕುಂತಾಳ.”

ಚೀಲಕ್ಕೆ ಹೋಗಿದ್ದ ಮಾಳಮ್ಮನ ಕೈ ಅಲ್ಲೇ ನಿಂತಿತು. ಅಪರೂಪ ಎಂಬ ಡಾಕ್ಟರ ಮಾತನ್ನು ಇವರ ಮುಂದೆ ಹೇಳಿದರೆ ಯಾರು ನಂಬುತ್ತಾರೆ?

“ಕು... ಕುಡೀತೇನ್ರಿ,” ಎಂದರು ಮಾಸ್ತರು, ಕಷ್ಟಪಟ್ಟು. “ಬಿ... ಬಿಡ್ತೇನಿ.”

ಅಯ್ಯೋ, ಮಾಳಮ್ಮನ ಎದೆ ಒಡೆಯಿತು. ಕೈಕಾಲು ಹೋಗುವ ಮುಂಚೆಯೇ ಇದ್ದೊಂದು ಹೆಸರನ್ನೂ ಮನುಷ್ಯ ಕೈಯಾರೆ ಮಣ್ಣುಪಾಲು ಮಾಡಿಕೊಂಡರಲ್ಲ!

ಮಹಾದೇವಪ್ಪ ನಿರಾಳವಾಗಿ ನಕ್ಕ. “ಹಾಂಗ ಹೇಳ್ರಲಾ ಮತ್ತ! ಖರೆ, ಲಗ್ನದಾಗ ವಂದನಾ ಬ್ಯಾರೆಯವ್ರು ಹೇಳಸ್ಲಿ. ಕುಡದ ಬಾಯಾಗ ಪಂಚಶೀಲ ಛಂದ ಕಾಣಂಗಿಲ್ಲ.” ಆಮೇಲೆ ಏನೋ ಅನುಮಾನ ಬಂದು ಇತ್ತ ತಿರುಗಿದ. “ಅಕ್ಕಾರ, ನೀವ ಹೇಳ್ರಿ. ಕುಡಿಯೂದು ಖರೇನೇನ್ರಿ?”

ಮಾಸ್ತರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೌದ್ರಿ ಅಣ್ಣಾರ,” ಎಂದಳು. “ಇವತ್ತ ಮುಂಜಾನಿನೂ ಕುಡದಾರ.”