ಗುಯಿಲಿನ್‌ನಲ್ಲಿ ಕಳೆದ ಸೀಟಿ

ಕಸದ ಡಬ್ಬಿಯ ಒಂದು ಗಾಲಿ ಡ್ರೈವ್‌ವೇಯ ಬಿರುಕಿಗೆ ಸಿಕ್ಕಿಕೊಂಡಿತ್ತು. ಸುಹಾಸಿನಿ ಎಳೆದಳು, ಬರಲಿಲ್ಲ. ಒದ್ದಳು, ಬಂತು. ಮಂಗಳವಾರ ಕಸದ ಲಾರಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಡಬ್ಬಿಯ ಮುಖ ರಸ್ತೆಯ ಕಡೆಗಿರಬೇಕೋ ಮನೆಯ ಕಡೆಗಿರಬೇಕೋ ಎಂಬುದು ಗೊತ್ತಿರಲಿಲ್ಲ. ಅದು ಸಾಕೇತನ ಇಲಾಖೆ.

ಸಾಕೇತ್ ತೀರಿಕೊಂಡಿದ್ದು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಾಗ. ಹೃದಯ ಎಂದರು. ಅವನಿಗೆ ಮೂವತ್ತನಾಲ್ಕು. ಮೈಸೂರಿನಿಂದ ಬಂದಿದ್ದ ಅತ್ತೆ ಮಾವ ವೈಕುಂಠ ಸಮಾರಾಧನೆ ಮುಗಿಸಿ ನಿನ್ನೆ ವಿಮಾನ ಹತ್ತಿದ್ದರು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ಈ ಬಡಾವಣೆಯಲ್ಲಿ ಇದು ಅವಳ ಮೊದಲ ಮಾಮೂಲಿ ಬೆಳಿಗ್ಗೆ.

ಎದುರು ಮನೆಯ ಡಬ್ಬಿ ನೋಡಿ ತನ್ನದನ್ನೂ ಹಾಗೇ ತಿರುಗಿಸಿ ನಿಲ್ಲಿಸಿದಳು. ಚಳಿ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವಷ್ಟು. ಗರಾಜಿನ ಬಾಗಿಲ ಹಿಂದೆ ಕೈಗೆ ಸಿಕ್ಕಿದ ಜಾಕೆಟ್ಟು ಹಾಕಿಕೊಂಡು ಬಂದಿದ್ದಳು. ಅದು ಅವನದು, ತೋಳು ಬೆರಳ ತುದಿಯವರೆಗೂ ಬರುತ್ತಿತ್ತು. ಜೇಬಿಗೆ ಕೈ ಹಾಕಿದಳು. ಒಡೆಯದ ಸೋಂಪಿನ ಪೊಟ್ಟಣ ಸಿಕ್ಕಿತು. ಅದರ ಕೆಳಗೆ ತಣ್ಣಗೆ ಇನ್ನೊಂದು ವಸ್ತು. ಹೊರಗೆ ತೆಗೆದಳು.

ಕಿತ್ತಳೆ ಬಣ್ಣದ ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ.

ಅದು ಅವನ ಹತ್ತಿರ ಇದೆಯೆಂದು ಅವಳಿಗೆ ಗೊತ್ತಿತ್ತು. ಇಷ್ಟು ದಿನ ನೆನಪಾಗಿರಲಿಲ್ಲ, ಅಷ್ಟೆ. ಈ ಸೀಟಿಯ ದೆಸೆಯಿಂದ ನಲವತ್ತು ವರ್ಷಗಳಿಂದ ಗೆಳೆಯರಾಗಿದ್ದ ಇಬ್ಬರು ಮಾತು ಬಿಟ್ಟಿದ್ದರು. ಕದ್ದವರು ಯಾರೆಂದು ತಿಳಿದವರು ಇಬ್ಬರೇ ಇದ್ದರು. ಈಗ ಒಬ್ಬಳು.

* * *

ಸೀಟಿ ಚಂದ್ರಮೌಳಿ ಅಂಕಲ್‌ರದು. ಅವರ ಮನೆ ಎರಡು ರಸ್ತೆ ಆಚೆ. ಕಾರಿನ ಬ್ರೇಕು ವಿನ್ಯಾಸ ಮಾಡಿ ರಿಟೈರ್ ಆದವರು, ಸಾಕೇತ್ ಅದೇ ಕಂಪನಿಯಲ್ಲಿ ಅವರ ಕೈಕೆಳಗೆ ಸೇರಿದ್ದ. ಅಕ್ಟೋಬರಿನಲ್ಲಿ ಅವರೇ ಮುಂದೆ ನಿಂತು ಡೆಟ್ರಾಯಿಟ್ ಮತ್ತು ಶಿಕಾಗೋದ ಕನ್ನಡದವರನ್ನು ಕಟ್ಟಿಕೊಂಡು ಚೀನಾ ಪ್ರವಾಸ ಹೊರಡಿಸಿದ್ದರು. ಮಂಡಿ ಆಪರೇಶನ್ನಿನಿಂದಾಗಿ ಒಂದು ಜೋಡಿ ಕೊನೆಗಳಿಗೆಯಲ್ಲಿ ಬಿಟ್ಟುಹೋಯಿತು. ಆ ಸೀಟುಗಳಿಗೆ ಸಾಕೇತ್, ಸುಹಾಸಿನಿ ಬಂದರು. ಇಡೀ ಬಸ್ಸಿನಲ್ಲಿ ಮಂಡಿ ನೋವಿಲ್ಲದವರು ಅವರಿಬ್ಬರೇ.

ಚಂದ್ರಮೌಳಿ ಅಂಕಲ್ ಎಲ್ಲರಿಗೂ ಒಂದೊಂದು ನಂಬರು ಕೊಟ್ಟಿದ್ದರು. ಸೀಟಿ ಊದಿದರೆ ಬಸ್ಸಿನ ಹತ್ತಿರ ಸೇರಬೇಕು, ಸರದಿಯ ಪ್ರಕಾರ ನಂಬರು ಕೂಗಬೇಕು. ಒಂದು ಅವರೇ. ಎರಡು ಪ್ರಕಾಶ್ ಅಂಕಲ್. ಶಿಕಾಗೋ ಪಕ್ಕದ ವೆಸ್ಟ್‌ಮಂಟಿನವರು, ಮೂಲ ಧಾರವಾಡ, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಆನ್ ಆರ್ಬರಿನಲ್ಲಿ ಓದುವಾಗ ಇಬ್ಬರೂ ಒಂದೇ ರೂಮು, ಒಂದೇ ಅನ್ನದ ಪಾತ್ರೆ. ಮೂರು ಸರಳಾ ಆಂಟಿ, ಚಂದ್ರಮೌಳಿ ಅಂಕಲ್‌ರ ಹೆಂಡತಿ. ಸಾಕೇತ್ ಹನ್ನೊಂದು, ಸುಹಾಸಿನಿ ಹನ್ನೆರಡು.

ಮಹಾಗೋಡೆಯ ಮೇಲೆ ಸೀಟಿ. ಪಾಂಡಾಗಳ ಮುಂದೆ ಸೀಟಿ. ಬೌದ್ಧ ದೇವಾಲಯದಲ್ಲಿ, ಭಿಕ್ಷುಗಳು ಕಣ್ಣು ಮುಚ್ಚಿ ಕೂತಿದ್ದಾಗ, ಸೀಟಿ.

"ಲೇ ಮೌಳಿ, ನಾವೇನ್ ಕುರಿ ಏನ್ಲೇ?" ಎಂದರು ಪ್ರಕಾಶ್ ಅಂಕಲ್. "ಒಂದಿನಾ ಈ ಸೀಟಿ ನದ್ಯಾಗ ಒಗೀತೇನಿ ನೋಡು."

ಈ ಮಾತನ್ನು ಬಸ್ಸಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ಮುಂದೆ ಅದೇ ಸಾಕ್ಷಿಯಾಯಿತು.

ಪ್ರವಾಸ ಮುಗಿಯುತ್ತ ಬಂದಿದ್ದಾಗ ಗುಯಿಲಿನ್‌ನಲ್ಲಿ ಒಂದು ಗುಹೆಗೆ ಹೋದರು. ಒಳಗೆ ಹಸಿರು, ನೇರಳೆ ದೀಪ. ಮೇಲಿನಿಂದ ಇಳಿಬಿದ್ದ ಸುಣ್ಣಕಲ್ಲು. ತಮ್ಮ ಗುಂಪಿನ ಕೆಲವರು ಕಾಣಿಸುತ್ತಿಲ್ಲವೆಂದು ಚಂದ್ರಮೌಳಿ ಅಂಕಲ್ ಊದಿದರು. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಹತ್ತಾಗಿ ಬಂತು. ಬೇರೆ ಬೇರೆ ಗುಂಪಿನ ಚೀನೀ ಪ್ರವಾಸಿಗಳು ಅದನ್ನು ಅಪಾಯದ ಸೂಚನೆ ಎಂದುಕೊಂಡು ಬಾಗಿಲ ಕಡೆ ಓಡಿದರು. ಅವರು ಓಡುವುದನ್ನು ಕಂಡು ಕನ್ನಡದವರೂ, ಮಂಡಿಗಳನ್ನೆಲ್ಲ ಮರೆತು, ಓಡಿದರು. ಹೊರಗೆ ಬಂದು ಏದುಸಿರು ಬಿಡುತ್ತಾ ನಂಬರು ಕೂಗಿದರು. ಯಾರೂ ಕಡಿಮೆಯಿರಲಿಲ್ಲ. "ನೋಡಿದ್ರಾ? ಡಿಸಿಪ್ಲಿನ್!" ಎಂದರು ಅಂಕಲ್.

ಗುಹೆಯ ಕಾವಲಿನವರು ಬೈದದ್ದು ಗೈಡ್ ಲೀನಾಳನ್ನು. ಬೀಜಿಂಗಿನಿಂದ ಜೊತೆಗಿದ್ದ ಹುಡುಗಿ ಅವಳು. ಬಸ್ಸಿನ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಇನ್ನೊಂದು ದೂರು ಹೋದರೆ ನನ್ನ ಲೈಸೆನ್ಸು ಹೋಗುತ್ತದೆ, ಎಂದಳು ಸಾಕೇತನಿಗೆ.

ಮರುದಿನ ಬೆಳಿಗ್ಗೆ ಹೋಟೆಲಿನ ಹಿಂದಿನ ತೋಟದಲ್ಲಿ ಚಂದ್ರಮೌಳಿ ಅಂಕಲ್ ಸಂಧ್ಯಾವಂದನೆಗೆ ಕೂತರು. ಸೀಟಿಯ ದಾರ ಜನಿವಾರಕ್ಕೆ ಸುತ್ತಿಕೊಳ್ಳುತ್ತದೆಂದು ದಿನವೂ ಅದನ್ನು ತೆಗೆದಿಟ್ಟು ಕೂರುವುದು ಅವರ ರೂಢಿ. ಅಂದು ಪಕ್ಕದಲ್ಲಿ ಸಾಕೇತ್ ಕಾಫಿ ಹಿಡಿದು ನಿಂತಿದ್ದ. "ಹಿಡ್ಕೋ ಮರಿ," ಎಂದು ಅವನ ಕೈಗೆ ಕೊಟ್ಟು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಸೀಟಿ ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ. ಸಾಕೇತ್ ನೆನಪಿಸಲಿಲ್ಲ, ಸುಹಾಸಿನಿಗೆ ಮಾತ್ರ ಹೇಳಿದ.

ಸೀಟಿ ಕಾಣದ್ದು ತಿಳಿದದ್ದು ಲೀ ನದಿಯ ದೋಣಿಯಲ್ಲಿ. ಎರಡೂ ಕಡೆ ಬೆಟ್ಟಗಳು ಮಂಜಿನಲ್ಲಿ ನಿಂತಿದ್ದವು. ಯಾರೂ ನೋಡಲಿಲ್ಲ. ಚಂದ್ರಮೌಳಿ ಅಂಕಲ್ ಎದ್ದು ನಿಂತು ಕೇಳಿದರು:

"ಯಾರು ಕದ್ದಿದ್ದು?"

ಎಲ್ಲರೂ ಪ್ರಕಾಶ್ ಅಂಕಲ್‌ರನ್ನು ನೋಡಿದರು.

"ನನ್ನ ಯಾಕ ನೋಡ್ತೀರಿ? ಆ ಸೀಟಿ ತಗೊಂಡು ನಾ ಏನ್ ರೈಲ್ ಬಿಡ್ಲ್ಯಾ?"

"ನದೀಗೆ ಒಗೀತೀನಿ ಅಂದೋನು ನೀನೇ. ಇದು ನದೀನೇ. ಬ್ಯಾಗ್ ತೋರ್ಸು."

"ತೋರಸಂಗಿಲ್ಲ."

"ತೋರ್ಸದೇ ಇದ್ರೆ ನೀನೇ ಅಂತಾಯ್ತು."

ಪ್ರಕಾಶ್ ಅಂಕಲ್ ಬ್ಯಾಗಿನ ಜಿಪ್ಪು ಎಳೆದರು. ಚಂದ್ರಮೌಳಿ ಅಂಕಲ್ ಒಂದೊಂದೇ ತೆಗೆದು ಬೆಂಚಿನ ಮೇಲಿಟ್ಟರು: ಬನಿಯನ್ನು, ಶೇಂಗಾ ಚಟ್ನಿಯ ಡಬ್ಬಿ, ಬಿ.ಪಿ. ಮಾತ್ರೆ, ಹೆಂಡತಿಯ ಚಿಕ್ಕದೊಂದು ಫೋಟೊ. ಫೋಟೊ ಬಂದ ಮೇಲೆ ಅವರ ಕೈ ನಿಂತಿತು. ಆದರೆ ಆಗಲೇ ತಡವಾಗಿತ್ತು.

"ಆತಲ್ಲ?" ಎಂದರು ಪ್ರಕಾಶ್ ಅಂಕಲ್. ಆಮೇಲೆ ಅವರು ಚಂದ್ರಮೌಳಿ ಅಂಕಲ್‌ ಜೊತೆ ಮಾತಾಡಲಿಲ್ಲ.

ದೋಣಿಯ ಹಿಂಬದಿಯಲ್ಲಿ ಸುಹಾಸಿನಿ ಗಂಡನ ತೋಳು ಚಿವುಟಿದಳು. "ಹೋಗಿ ಹೇಳು."

"ಹೇಳಿದ್ರೆ ವಾಪಸ್ ಕೊಡ್ಬೇಕು. ಕೊಟ್ರೆ ಊದ್ತಾರೆ. ಊದಿದ್ರೆ ಲೀನಾ ಕೆಲಸ ಹೋಗತ್ತೆ."

"ಕದ್ದಿದೀಯಲ್ಲೋ!"

"ಕದ್ದಿಲ್ಲ ಕಣೇ. ಅವರೇ ಕೈಗೆ ಕೊಟ್ರು. ಯಾರು ಕದ್ರಿ ಅಂತ ಕೇಳಿದ್ರು. ಯಾರು ಕಡ ತಗೊಂಡ್ರಿ ಅಂತ ಕೇಳಿದ್ರೆ ಕೈ ಎತ್ತುತಿದ್ದೆ."

ಶಾಂಘೈನಲ್ಲಿ ಅಂಕಲ್‌ಗಳಿಬ್ಬರೂ ಬೇರೆ ಬೇರೆ ಟೇಬಲ್ಲಿನಲ್ಲಿ ಊಟ ಮಾಡಿದರು. ಸೀಟಿಯಿಲ್ಲದ ಚಂದ್ರಮೌಳಿ ಅಂಕಲ್ ಚಪ್ಪಾಳೆ ತಟ್ಟಿ ಜನ ಸೇರಿಸಲು ನೋಡಿದರು. ಪಕ್ಕದಲ್ಲಿದ್ದ ಚೀನೀಯರು, ಏನೋ ಶುಭ ಸಮಾರಂಭವಿರಬೇಕೆಂದು, ತಾವೂ ತಟ್ಟಿದರು. ಕೊನೆಯ ದಿನ ಏರ್‌ಪೋರ್ಟಿನಲ್ಲಿ ಲೀನಾ ಎಲ್ಲರನ್ನೂ ಅಪ್ಪಿಕೊಂಡಳು. ಶಿಕಾಗೋದವರು ಒಂದು ಗೇಟಿಗೆ ಹೋದರು, ಡೆಟ್ರಾಯಿಟಿನವರು ಇನ್ನೊಂದಕ್ಕೆ. ಒಂದನೆಯವರೂ ಎರಡನೆಯವರೂ ತಿರುಗಿ ನೋಡಲಿಲ್ಲ.

"ಮುಂದಿನ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎಲ್ಲಾ ಸೇರ್ತಾರಲ್ಲ," ಎಂದ ಸಾಕೇತ್ ವಿಮಾನದಲ್ಲಿ. "ಅವತ್ತು ಇಬ್ಬರ ಮಧ್ಯೆ ನಿಂತ್ಕೊಂಡು ನಾನೇ ಊದ್ತೀನಿ. ಬೈಸ್ಕೋತೀನಿ. ಮುಗೀತು."

ಥ್ಯಾಂಕ್ಸ್‌ಗಿವಿಂಗಿಗೆ ಮೊದಲೇ ಅವರೆಲ್ಲ ಸೇರಿದರು.

* * *

ಫ್ಯೂನರಲ್ ಹೋಮಿನಲ್ಲಿ ಕರ್ಪೂರ ಹಚ್ಚುವಂತಿರಲಿಲ್ಲ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ಕಪ್ಪು ಸೂಟಿನವನು ಬಂದು ವಿನಯದಿಂದ ತಿಳಿಸಿದ. ಪುರೋಹಿತರು ಒಂದು ಕ್ಷಣ ಯೋಚಿಸಿ, "ಮನಸ್ಸಿನಲ್ಲಿ ಹಚ್ಚಿ," ಎಂದರು.

ನಂತರ ಒಬ್ಬೊಬ್ಬರೇ ಮೈಕಿನ ಮುಂದೆ ಬಂದರು. ಆಫೀಸಿನವನೊಬ್ಬ, ಸಾಕೇತ್ ದಿನವೂ ಪ್ರಿಂಟರಿಗೆ ಕಾಗದ ತುಂಬುತ್ತಿದ್ದನೆಂದು ಹೇಳಿ ಅತ್ತ. ಚಂದ್ರಮೌಳಿ ಅಂಕಲ್ ಬಂದರು. ಕೈ ಅಭ್ಯಾಸಬಲದಿಂದ ಎದೆಯ ಮೇಲೆ ಏನನ್ನೋ ಹುಡುಕಿತು.

"ಕೇಳದೆ ಒಂದು ಕಡ್ಡೀನೂ ಮುಟ್ಟದ ಹುಡುಗ," ಎಂದರು. ಹಿಂದಿನ ಸಾಲಿನಲ್ಲಿದ್ದ ಪ್ರಕಾಶ್ ಅಂಕಲ್‌ರನ್ನು ನೋಡಿಕೊಂಡೇ ಮುಂದುವರಿಸಿದರು: "ಈಗಿನ ಕಾಲದಲ್ಲಿ, ದೊಡ್ಡವರಲ್ಲೂ ಅಂಥವರು ಸಿಗಲ್ಲ."

ಸುಹಾಸಿನಿಗೆ ಹೊಟ್ಟೆಯೊಳಗಿನಿಂದ ಏನೋ ಮೇಲೆದ್ದು ಬಂತು. ಆಸ್ಪತ್ರೆಯಲ್ಲಿ ಬಾರದ್ದು, ಮನೆಯಲ್ಲಿ ಬಾರದ್ದು. ಅಳು ಎಂದುಕೊಂಡಳು. ನಗು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೆಗಲು ಕುಲುಕತೊಡಗಿತು. "ಪಾಪ, ಈಗ ಬಂತು ನೋಡಿ," ಎಂದು ಸರಳಾ ಆಂಟಿ ಓಡಿಬಂದು ತಬ್ಬಿಕೊಂಡರು. "ಅತ್ತುಬಿಡಮ್ಮ, ಒಳ್ಳೇದು." ಅವಳು ಅವರ ಹೆಗಲಲ್ಲಿ ಮುಖ ಹುದುಗಿಸಿ ಬೇಕಾದಷ್ಟು ಹೊತ್ತು ನಕ್ಕಳು.

ದಹನಯಂತ್ರದ ಹಸಿರು ಬಟನ್ನು ಒತ್ತಿದ್ದು ಮಾವ. ಅವರ ಬೆರಳ ಮೇಲೆ ಅವಳ ಬೆರಳು ಇತ್ತು.

ಎಲ್ಲ ಮುಗಿದು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದಾಗ ಜನ ಚದುರಿಹೋಗುತ್ತಿದ್ದರು. ಯಾರ ಕಾರಿನಲ್ಲಿ ಯಾರು ಎಂಬ ಗೊಂದಲ. ಚಂದ್ರಮೌಳಿ ಅಂಕಲ್, ತಾವು ಏನು ಮಾಡುತ್ತಿದ್ದೇವೆಂದು ತಿಳಿಯದೆಯೇ ಇರಬೇಕು, "ಒಂದು," ಎಂದರು.

ಅರೆಗಳಿಗೆ ತಡೆದು ಆಚೆ ಕೊನೆಯಿಂದ, "ಎರಡು."

"ಮೂರು," ಎಂದರು ಸರಳಾ ಆಂಟಿ. ಮುಂದಿನವರೂ ಕೂಗಿದರು. ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಹತ್ತು ಎಂದವರು ಬಾಯಿ ಮುಚ್ಚಿಕೊಂಡರು. ಮುಂದಿನದು ಸಾಕೇತನ ನಂಬರು.

ಗಾಳಿಗೆ ಯಾರದೋ ಕಾರಿನ ಬಾಗಿಲು ತಾನಾಗಿ ಮುಚ್ಚಿತು.

"ಅದಾನ," ಎಂದರು ಪ್ರಕಾಶ್ ಅಂಕಲ್. "ಮುಂದ ಹೋಗ್ರಿ."

"ಹನ್ನೆರಡು," ಎಂದಳು ಸುಹಾಸಿನಿ.

ಪ್ರಕಾಶ್ ಅಂಕಲ್ ಊಟಕ್ಕೂ ನಿಲ್ಲದೆ ವೆಸ್ಟ್‌ಮಂಟಿಗೆ ಡ್ರೈವ್ ಮಾಡಿಕೊಂಡು ಹೋದರು.

* * *

ಈಗ ಅಡುಗೆಮನೆಯ ಕಟ್ಟೆಯ ಮೇಲೆ ಸೀಟಿ ಇಟ್ಟುಕೊಂಡು ಅವಳು ಪ್ರಕಾಶ್ ಅಂಕಲ್‌ಗೇ ಮೊದಲು ಫೋನ್ ಮಾಡಿದಳು.

"ಅಂಕಲ್, ವಿಷಲ್ ಸಿಕ್ತು."

"ಎಲ್ಲಿ?"

"ಸಾಕೇತ್ ಜಾಕೆಟ್ಟಲ್ಲಿ."

ಆ ಕಡೆಯಿಂದ ಗೊರಗೊರ ನಗು, ಕೆಮ್ಮು, ಮತ್ತೆ ನಗು. "ಆ ಹುಡುಗಾ! ನನ್ನ ಪಕ್ಕದಾಗ ಕುಂತು ನನ್ನ ಶೇಂಗಾ ಚಟ್ನಿ ತಿಂದಾನಲ್ಲ ತಂಗೀ, ಮುಖದಾಗ ಒಂದ್ ಗೆರಿ ಅಲುಗಲಿಲ್ಲ!"

"ಚಂದ್ರಮೌಳಿ ಅಂಕಲ್‌ಗೆ ಹೇಳ್ಬೇಕು."

ನಗು ನಿಂತಿತು. "ಬ್ಯಾಡ."

"ಯಾಕೆ?"

"ಅವಂಗ ಈಗ ಆ ಹುಡುಗ ಅಂದ್ರ ದೇವರು. ಹೋದವನ ಹೆಸರಿಗೆ ಮಸಿ ಯಾಕ ಹಚ್ತಿ? ನಾನಽ ತಗೊಂಡಿದ್ದೆ, ನಿನ್ನ ಕೈಯಾಗ ಕೊಟ್ಟು ಕಳಿಸೇನಿ ಅಂತ ಹೇಳು. ನಾ ಹೆಂಗೂ ಕಳ್ಳ ಆಗೇನಿ. ರೂಢಿ ಆಗೇದ."

"ಆಮೇಲೆ ನೀವಿಬ್ಬರೂ ಮಾತಾಡ್ತೀರಾ?"

"ಚಳಿ ಭಾಳ ಅದ," ಎಂದರು. "ಟೊಪಗಿ ಹಾಕ್ಕೊಂಡು ಹೋಗು."

ಟೋಪಿ ಹಾಕಿಕೊಳ್ಳದೆ ಹೊರಟಳು. ಎರಡು ರಸ್ತೆ. ದಾರಿಯುದ್ದಕ್ಕೂ ಪ್ರತಿ ಮನೆಯೆದುರೂ ಡಬ್ಬಿಗಳು ಸಾಲಾಗಿ, ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಸಾಕೇತ್ ಒಳ್ಳೆಯವನೆಂದು ಎಷ್ಟೋ ಜನ ಹೇಳಿದ್ದರು. ಅವರು ಹೇಳಿದವನು ಯಾರೆಂದು ಅವಳಿಗೆ ಗುರುತು ಹತ್ತಿರಲಿಲ್ಲ. ದೋಣಿಯ ಹಿಂಬದಿಯಲ್ಲಿ ಲಾಯರಿನಂತೆ ವಾದ ಮಾಡಿದವನ ಗುರುತಿತ್ತು.

ಸರಳಾ ಆಂಟಿ ಬಾಗಿಲು ತೆಗೆದರು. "ಬಾ ಬಾ. ಏನಿದು, ತಲೆಗೆ ಒಂದು ಟೋಪಿ ಇಲ್ವೇ? ರೀ, ಸುಹಾಸಿನಿ ಬಂದಿದಾಳೆ."

ಚಂದ್ರಮೌಳಿ ಅಂಕಲ್ ಸದ್ದಿಲ್ಲದ ಟಿ.ವಿ.ಯ ಮುಂದೆ ಕೂತಿದ್ದರು. ಪ್ರವಾಸದಿಂದ ಬಂದ ಮೇಲೆ ತೆಳ್ಳಗಾಗಿದ್ದರು.

"ಸಾಕೇತ್ ನಿಮ್ಮಿಂದ ಒಂದು ವಸ್ತು ಕಡ ತಗೊಂಡಿದ್ದ, ಅಂಕಲ್. ಕೊಟ್ಟು ಹೋಗೋಣ ಅಂತ ಬಂದೆ."

"ಹಿಮ ಎತ್ತೋ ಷವಲ್ಲಾ? ಇಟ್ಕೊಳಮ್ಮ. ಈ ಸಲ ನಿಂಗೇ ಬೇಕಾಗತ್ತೆ."

ಅವಳು ಜೇಬಿನಿಂದ ತೆಗೆದು ಅವರ ಕಾಫಿ ಲೋಟದ ಪಕ್ಕದಲ್ಲಿಟ್ಟಳು.

ಅವರು ನೋಡಿದರು. ಬಾಯಿ ತೆರೆದರು. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅಲ್ಲಿಂದ ಅಂಗಿಯೊಳಗೆ ಇಳಿದು ಜನಿವಾರದ ಮೇಲೆ ನಿಂತಿತು.

"ಹೋಟ್ಲು ಹಿಂದಿನ ತೋಟ," ಎಂದರು.

"ಹೂಂ."

"ಹಿಡ್ಕೋ ಮರಿ ಅಂದೆ."

"ಹೂಂ ಅಂಕಲ್."

"ನಾನೇ ಕೊಟ್ಟೆ." ಹೆಂಡತಿಯ ಕಡೆ ತಿರುಗಿದರು. "ನಾನೇ ಕೊಟ್ನಲ್ಲೇ."

"ಸಂಧ್ಯಾವಂದನೆಗೆ ಕೂತ್ರೆ ನಿಮಗೆ ಜಗತ್ತೇ ಮರೆತುಹೋಗತ್ತೆ," ಎಂದರು ಸರಳಾ ಆಂಟಿ. "ಹೋದ ವರ್ಷ ಅದಕ್ಕೆ ಹೊತ್ತಾಯ್ತು ಅಂತ ನನ್ನನ್ನ ಕಾಸ್ಟ್‌ಕೋ ಅಂಗಡೀಲೇ ಬಿಟ್ಟು ಬಂದ್ರಿ."

"ಅವನ ಬ್ಯಾಗ್ ಬಿಚ್ಚಿಸ್ದೆ. ಎಲ್ಲರ ಮುಂದೆ." ಅವರ ದನಿ ಸಣ್ಣದಾಯಿತು. "ಅವನ ಹೆಂಡ್ತಿ ಫೋಟೊ ಮುಟ್ಟಿದೆ. ಆ ಹುಡುಗ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋನಿದ್ದ. ಥ್ಯಾಂಕ್ಸ್‌ಗಿವಿಂಗಿಗೆ. ನೀವು ಕೇಳಿದ್ರೆ ಮುಂಚೇನೇ ಹೇಳ್ತಿದ್ನೇನೋ. ಎಲ್ಲರನ್ನೂ ಕೇಳಿದ್ರಿ, ಅವನೊಬ್ಬನನ್ನ ಕೇಳ್ಲಿಲ್ಲ."

"ಅವನನ್ನ ಯಾರು ಕೇಳ್ತಾರಮ್ಮ? ಅವನು ಅಂಥವನಲ್ಲ."

"ಅಂಥವನೇ, ಅಂಕಲ್," ಎಂದಳು ಸುಹಾಸಿನಿ.

ಅವರು ಅವಳನ್ನು ನೋಡಿದರು. ಮೀಸೆಯ ಒಂದು ಕೊನೆ ಅದುರಿತು, ಆಮೇಲೆ ಇನ್ನೊಂದು. "ಕಳ್ಳ ನನ್ಮಗ," ಎಂದರು. ಅಷ್ಟು ಪ್ರೀತಿಯಿಂದ ಸಾಕೇತನ ಬಗ್ಗೆ ಮೈಕಿನಲ್ಲಿ ಯಾರೂ ಮಾತಾಡಿರಲಿಲ್ಲ.

ಫೋನ್ ತೆಗೆದರು. ಹೆಸರು ಹುಡುಕಿ ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಹಲೋ," ಎಂದಿತು ವೆಸ್ಟ್‌ಮಂಟ್.

ಚಂದ್ರಮೌಳಿ ಅಂಕಲ್ ಬಾಯಿ ತೆರೆದರು. ಏನೂ ಬರಲಿಲ್ಲ.

"ಹಲೋ? ಯಾರು? ಲೇ ಮೌಳಿ, ನಿನ್ನ ಹೆಸರು ಕಾಣಸ್ತದಲೇ ಇಲ್ಲಿ. ಮಾತಾಡು."

ಅಂಕಲ್ ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಸೀಟಿ ಎತ್ತಿಕೊಂಡು, ಎದೆ ತುಂಬ ಉಸಿರೆಳೆದು ಊದಿದರು. ಅಡುಗೆಮನೆಯಲ್ಲಿ ಏನೋ ಬಿತ್ತು. ಹಿತ್ತಲಾಚೆಯ ಮನೆಯ ನಾಯಿ ಬೊಗಳಿತು.

"ಎರಡು," ಎಂದರು ಪ್ರಕಾಶ್ ಅಂಕಲ್. ಆಮೇಲೆ ಕೇಳಿದರು: "ಬಸ್ ಎಲ್ಲಿ ನಿಂತದಪಾ?"

ಚಂದ್ರಮೌಳಿ ಅಂಕಲ್ ಸ್ವೆಟರಿನ ತುದಿಯಿಂದ ಸೀಟಿ ಒರೆಸಿದರು, ಅದೇ ತುದಿಯಿಂದ ಕಣ್ಣು ಒರೆಸಿಕೊಂಡರು. ಸರಳಾ ಆಂಟಿ ಸೋಫಾದ ತೋಳಿನ ಮೇಲೆ ಕೂತು, "ಮೂರು," ಎಂದರು. ಆಮೇಲಿನವರು ಅಲ್ಲಿರಲಿಲ್ಲ. ಅಂಕಲ್ ಇಲ್ಲದವರಿಗೆ ಒಂದೊಂದೇ ಬೆರಳು ಮಡಿಸುತ್ತಾ ಹೋದರು. ಸುಹಾಸಿನಿ ಜಾಕೆಟ್ಟಿನ ಸೀಟಿಯಿಲ್ಲದ ಜೇಬಿನೊಳಗೆ ಕೈಯಿಟ್ಟುಕೊಂಡು ತನ್ನ ಸರದಿಗೆ ಕಾಯುತ್ತಾ ನಿಂತಳು.