ಹಿಂದಕ್ಕೆ ಬೀಳುವ ಹೆಜ್ಜೆ

ಲಾಂಡ್ರಿಯಣ್ಣನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಭಾನುವಾರದ ಮ್ಯಾಟಿನಿಯಲ್ಲಿ, ಪಿಕ್ಚರ್ ಮುಗಿಯಲು ಇನ್ನು ಒಂದೇ ಹಾಡು ಬಾಕಿಯಿದ್ದಾಗ. ಅಲ್ಲಿಯವರೆಗೆ ಮನುಷ್ಯ ಚೆನ್ನಾಗಿಯೇ ಇದ್ದ. ಇಂಟರ್‌ವಲ್‌ನಲ್ಲಿ ಹೆಂಡತಿಗೆ ಪಾಪ್‌ಕಾರ್ನ್ ಕೂಡ ಕೊಡಿಸಿದ್ದ, ಅದೂ ದೊಡ್ಡ ಪೊಟ್ಟಣ.

ಅದು ಮೂವತ್ತು ವರ್ಷ ಹಳೆಯ ಪಿಕ್ಚರ್. ಕುಣಿಯುವುದೇ ಮಹಾಪರಾಧ ಎನ್ನುವ ಒಬ್ಬ ಹೆಡ್‌ಮಾಸ್ಟರು. ಅವರ ಮಗಳೇ ಕದ್ದುಮುಚ್ಚಿ ಪಾಳುಬಿದ್ದ ಗೋಡೌನಿನಲ್ಲಿ ಒಬ್ಬ ಹುಡುಗನ ಜೊತೆ ಕುಣಿಯುತ್ತಾಳೆ. ಕೊನೆಗೆ ಇಡೀ ಶಾಲೆಯ ಮಕ್ಕಳು ದಂಗೆಯೆದ್ದು ಹೆಡ್‌ಮಾಸ್ಟರ ಕಣ್ಣೆದುರೇ ಕುಣಿಯುತ್ತಾರೆ. ಇಷ್ಟೇ ಕಥೆ. ಆ ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಈ ಪಿಕ್ಚರಿನ ಹೆಸರೆತ್ತಿದರೆ ಬೆನ್ನಿಗೆ ಬೀಳುತ್ತಿತ್ತು. ಈಗ ಆ ಮನೆಗಳ ಮಕ್ಕಳೇ ತಲೆಗೆ ಬಣ್ಣ ಹಚ್ಚಿಕೊಂಡು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ನೋಡಲು ಬಂದಿದ್ದರು. ಲಾಂಡ್ರಿಯಣ್ಣ ಮಾತ್ರ ಆಗ ನೋಡಿರಲಿಲ್ಲ. ಪಿಕ್ಚರ್ ನೋಡುವ ವಯಸ್ಸಿಗೆ ಅವನ ಕೈಗೆ ಇಸ್ತ್ರಿಪೆಟ್ಟಿಗೆ ಬಂದುಬಿಟ್ಟಿತ್ತು.

ಕೊನೆಯ ಹಾಡು ಶುರುವಾಯಿತು ನೋಡಿ, ಅರ್ಧ ಥಿಯೇಟರ್ ಎದ್ದು ನಿಂತಿತು. ಸೀಟುಗಳ ನಡುವಿನ ದಾರಿಯಲ್ಲೆಲ್ಲ ಕುಣಿತ. ಅವನ ಹೆಂಡತಿಯೂ ಎದ್ದಳು.

"ಬನ್ರೀ" ಎಂದು ಕೈ ಹಿಡಿದೆಳೆದಳು.

"ಹುಚ್ಚು ಹಿಡಿದಿದ್ಯಾ ನಿಂಗೆ? ಕೂತ್ಕೋ. ನಮ್ ಗಿರಾಕಿಗಳೆಲ್ಲ ಇದಾರೆ ಇಲ್ಲಿ."

"ಇದ್ರೆ ಇರ್ಲಿ ಬಿಡಿ. ಅವ್ರೂ ಕುಣೀತಿದಾರಲ್ಲ?"

"ನಾನ್ ಬರಲ್ಲ ಅಂದ್ರೆ ಬರಲ್ಲ."

ಅವಳು ಹೋದಳು. ದಿನವಿಡೀ ಕೌಂಟರಿನಲ್ಲಿ ನಿಂತು ಬಟ್ಟೆಗೆ ಗುರುತಿನ ಚೀಟಿ ಪಿನ್ ಮಾಡುವ ಹೆಂಗಸು, ಸಂಜೆಯಾದರೆ ಕಾಲು ನೋವು ಎಂದು ಗೊಣಗುವವಳು, ಅಲ್ಲಿ ಒಂದು ಹೆಜ್ಜೆ ತಪ್ಪದೆ ಕುಣಿದಳು. ಅಲ್ಲಿಗೇ ನಿಂತಿದ್ದರೆ ಲಾಂಡ್ರಿಯಣ್ಣ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಆ ಹಾಡಿನಲ್ಲಿ ಒಂದು ಹೆಜ್ಜೆಯಿದೆ. ಹುಡುಗಿ ಹುಡುಗನಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಹಲಗೆಯ ಹಾಗೆ ನೆಟ್ಟಗೆ ಹಿಂದಕ್ಕೆ ಬೀಳುತ್ತಾಳೆ. ನೆಲ ಮುಟ್ಟುವ ಮೊದಲು ಅವನು ಹಿಡಿಯುತ್ತಾನೆ. ಆ ಘಟ್ಟ ಬಂದಾಗ ಉಳಿದ ಹೆಂಗಸರೆಲ್ಲ ನಕ್ಕು, ಚೂರು ಬಾಗಿದ ಹಾಗೆ ಮಾಡಿ ಸುಮ್ಮನಾದರು. ಇವಳು ಬಿದ್ದೇಬಿಟ್ಟಳು! ಮಂಡಿ ಬಗ್ಗಿಸಲಿಲ್ಲ, ತಿರುಗಿ ನೋಡಲಿಲ್ಲ. ಹಿಂದೆ ನಿಂತಿದ್ದ ಇವರ ಗಿರಾಕಿ ಹಲ್ಲಿನ ಡಾಕ್ಟರು ಗಡಬಡಿಸಿ ಎರಡೂ ಕೈ ಚಾಚಿ ಹಿಡಿದರು. ಜನ ಸಿಳ್ಳೆ ಹೊಡೆದರು.

ಲಾಂಡ್ರಿಯಣ್ಣನ ಹೊಟ್ಟೆಗೆ ಕೆಂಡ ಬಿತ್ತು. ಡಾಕ್ಟರನ್ನು ಆಮೇಲೆ ವಿಚಾರಿಸಿಕೊಂಡರಾಯಿತು. ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಕುಣಿಯುವುದನ್ನು ಕನ್ನಡಿ ಮುಂದೆ ಒಬ್ಬರೇ ಕಲಿಯಬಹುದು. ಹೀಗೆ ಬೀಳುವುದನ್ನು ಒಬ್ಬರೇ ಕಲಿಯುವುದು ಹೇಗೆ? ಹಿಂದೆ ನಿಂತು ಹಿಡಿಯಲು ಯಾವನೋ ಒಬ್ಬ ಇರಲೇಬೇಕು. ಒಂದು ಸಲವಲ್ಲ, ಹೆದರಿಕೆ ಬಿಟ್ಟುಹೋಗುವಷ್ಟು ಸಲ ಹಿಡಿದಿರಬೇಕು. ಯಾರವನು?

ಹೊರಬಾಗಿಲಲ್ಲಿ ಥಿಯೇಟರಿನವರು ಒಬ್ಬ ಹುಡುಗಿಯ ಕೈಗೆ ಮೈಕ್ ಕೊಟ್ಟು ನಿಲ್ಲಿಸಿದ್ದರು, ಬಂದವರ ಅಭಿಪ್ರಾಯ ಕೇಳಲು.

"ಆವತ್ತು ನಮ್ಮಪ್ಪ ಬೆಲ್ಟ್ ತಗೊಂಡಿದ್ರು" ಎಂದರು ಬ್ಯಾಂಕಿನ ಮೇಡಂ. "ಇವತ್ತು ಅವ್ರನ್ನೇ ಕರ್ಕೊಂಡು ಬಂದೆ. ಮೊದ್ಲಿಂದ ಕೊನೇವರೆಗೂ ಗೊರಕೆ ಹೊಡೆದ್ರು."

"ಇಷ್ಟಕ್ಕೆಲ್ಲ ದಂಗೆ ಅಂತಾರಾ?" ಎಂದು ಒಬ್ಬ ಕಾಲೇಜು ಹುಡುಗ ಭುಜ ಕುಣಿಸಿದ. "ಪಾಪ ಅನ್ನಿಸ್ತು, ಅಷ್ಟೇ."

"ಒಂದು ತಲೆಮಾರನ್ನೇ ಹಾಳು ಮಾಡಿದ ಪಿಕ್ಚರ್ ಇದು" ಎಂದರು ನಿವೃತ್ತ ಮೇಷ್ಟ್ರು. "ಈ ವಾರ ಮೂರನೇ ಸಲ ನೋಡ್ತಿದೀನಿ."

ಲಾಂಡ್ರಿಯಣ್ಣನ ಹೆಂಡತಿ ಸೆರಗಿನಿಂದ ಬೆವರೊರೆಸಿಕೊಂಡು, "ಕೊನೇ ಹಾಡು ಬಂದ್ರೆ ಜೀವ ಹೋದ ಹಾಗಾಗತ್ತೆ. ಆಗ್ಲೂ ಹಾಗೇ, ಈಗ್ಲೂ ಹಾಗೇ" ಎಂದಳು. ಮುಖ ಕೆಂಪಾಗಿತ್ತು.

ಜೀವ ಹೋಗುತ್ತಂತೆ! ಯಾರಿಗೋಸ್ಕರ? ಲಾಂಡ್ರಿಯಣ್ಣ ಯಾರೂ ಕೇಳದಿದ್ದರೂ ಮೈಕಿಗೆ ಬಾಯಿಟ್ಟ. "ಕುಣಿತಾನಾ ಅದು? ಕಾಲಿಗೆ ಬಿಸಿನೀರು ಬಿದ್ದೋನ ಹಾಗೆ ಎಗರಾಡ್ತಾನೆ ಹೀರೋ. ಕಥೆಗೆ ತಲೆಯಿಲ್ಲ ಬುಡವಿಲ್ಲ. ಇಂಥದ್ದನ್ನ ನೋಡಿ ಎಷ್ಟು ಹೆಣ್ಮಕ್ಳು ಕೆಟ್ಟಿದಾರೋ ನಿಮಗೇನ್ ಗೊತ್ತು! ಆಮೇಲೆ ಸಾಚಾಗಳ ಹಾಗೆ ಮದ್ವೆನೂ ಆಗಿರ್ತಾರೆ."

"ಥ್ಯಾಂಕ್ಸ್ ಅಂಕಲ್" ಎಂದಳು ಹುಡುಗಿ. ಹೆಂಡತಿ ದಾರಿಯುದ್ದಕ್ಕೂ ನಾಲ್ಕು ಮಾರು ಮುಂದೆಯೇ ನಡೆದಳು.

ಸಂಜೆ ಅವನು ಮಾಡಿದ ಕೆಲಸ ಕೇಳಿದರೆ ನಗುತ್ತೀರಿ. ಬೀರುವಿನಿಂದ ಮದುವೆಯ ಆಲ್ಬಮ್ ತೆಗೆದು, ಹೆಣ್ಣಿನ ಕಡೆಯ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸಿದ. ಅವಳ ಸೋದರತ್ತೆಯ ಮಗ ತೋಳು ಗಟ್ಟಿಯಿರುವ ಆಸಾಮಿ, ಇವನೇ ಇರಬೇಕು. ಟ್ಯೂಷನ್ ಮೇಷ್ಟ್ರು ಪೀಚಲು, ಹಿಡಿಯಲು ಹೋದರೆ ಅವನೇ ಬೀಳುತ್ತಾನೆ. ಎದುರುಮನೆಯ ಕೊಳಲಿನವನು ಫೋಟೋದಲ್ಲಿ ಬೇಕಂತಲೇ ಮುಖ ತಿರುಗಿಸಿ ನಿಂತಿದ್ದಾನೆ, ಏಕೆ? ಹೀಗೆ ಸತ್ತವರನ್ನೂ ಬಿಡದೆ ಎಲ್ಲರ ಮೇಲೂ ಕರುಬಿದ. ಊಟ ಸೇರಲಿಲ್ಲ.

ಬೆಳಗ್ಗೆ ಅಂಗಡಿಗೆ ಮೊದಲು ಬಂದವರೇ ಹಲ್ಲಿನ ಡಾಕ್ಟರು, ತಮ್ಮ ಬಿಳೀ ಕೋಟು ಒಯ್ಯಲು. ಲಾಂಡ್ರಿಯಣ್ಣ ಕೋಟನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡ.

"ಡಾಕ್ಟ್ರು ಚಿಕ್ಕಂದಿನಲ್ಲಿ ನಮ್ಮ ಮನೆಯವಳ ಊರಿನ ಕಡೆ ಇದ್ರೇನೋ?"

"ನಾನಾ? ಅವ್ರ ಊರು ಯಾವ್ದು ಅಂತಾನೇ ಗೊತ್ತಿಲ್ಲ" ಎಂದರು ಡಾಕ್ಟರು. "ನಿನ್ನೆ ಅವ್ರು ಬೀಳ್ತಾರೆ ಅಂತ ನಾನೇನ್ ಕನಸು ಕಂಡಿದ್ನಾ? ಅಡ್ಡ ನಿಂತಿದ್ದೆ, ಕೈ ಚಾಚಿದೆ. ಪುಣ್ಯಕ್ಕೆ ಸಿಕ್ಕಿದ್ರು. ನನ್ನ ಸೊಂಟ ಹಿಡ್ಕೊಂಡಿರೋದು ಇನ್ನೂ ಬಿಟ್ಟಿಲ್ಲ."

ಒಬ್ಬನ ಮೇಲಿನ ಅನುಮಾನ ಕಳೆಯಿತು. ಡಾಕ್ಟರು ಸೊಂಟಕ್ಕೆ ಕೈಯಿಟ್ಟುಕೊಂಡು ಹೋದದ್ದೇ ತಡ, ಲಾಂಡ್ರಿಯಣ್ಣ ಒಳಕೋಣೆಗೆ ನುಗ್ಗಿದ. ಹೆಂಡತಿ ಹೋಟೆಲಿನವರ ಮೇಜುಬಟ್ಟೆ ಮಡಚುತ್ತಿದ್ದಳು.

"ಯಾರವನು?"

"ಯಾವನು?"

"ಆಗ ನಿನ್ನ ಹಿಡೀತಿದ್ದೋನು. ನಾಟಕ ಬೇಡ. ಹೆಸರು ಹೇಳು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಗು ಬಂತು, ಆಮೇಲೆ ನಿಂತಿತು. "ಇದಕ್ಕಾ ನಿನ್ನೆ ಅಷ್ಟು ಜನರೆದುರು ನನ್ನ ಮಾನ ತೆಗೆದಿದ್ದು?"

"ಹೆಸರು ಹೇಳು ಅಂದೆ."

"ಯಾರೂ ಇರ್ಲಿಲ್ಲ ರೀ."

"ಸುಳ್ಳು! ಬೀಳೋದನ್ನ ಒಬ್ಬರೇ ಕಲಿಯಕ್ಕಾಗತ್ತಾ?"

"ಆಗತ್ತೆ. ಅಪ್ಪ ಡ್ಯೂಟಿಗೆ ಹೋದ ಮೇಲೆ ಚಿಲಕ ಹಾಕ್ಕೊಂಡು, ಮನೇಲಿರೋ ಹಾಸಿಗೆಯೆಲ್ಲ ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಬೀಳ್ತಿದ್ದೆ. ಅಂಥ ಪಿಕ್ಚರ್ ನೋಡಿದೀನಿ ಅಂತ ಗೊತ್ತಾಗಿದ್ರೇ ಚರ್ಮ ಸುಲೀತಿದ್ರು. ಇನ್ನು ಹಿಡಿಯಕ್ಕೆ ಹುಡುಗನ್ನ ಎಲ್ಲಿಂದ ತರ್ಲಿ? ಒಂದಿನ ಹಾಸಿಗೆ ಜಾರಿ ತಲೆ ಗೋಡೆಗೆ ಬಡೀತು. ಇಲ್ನೋಡಿ."

ಬೈತಲೆಯ ಪಕ್ಕ ಕೂದಲು ಸರಿಸಿದಳು. ಹಳೆಯ ಗಾಯದ ಗುರುತು. ಮದುವೆಯಾದ ಹೊಸತರಲ್ಲಿ ಅದು ಅವನ ಬೆರಳಿಗೆ ಸಿಕ್ಕಿತ್ತು. ಬಿದ್ದಿದ್ದೆ ಎಂದಿದ್ದಳು. ಎಲ್ಲಿ, ಹೇಗೆ ಎಂದು ಅವನು ಕೇಳಿರಲಿಲ್ಲ.

ಆದರೂ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುತ್ತದೆಯೇ? "ಹಾಸಿಗೆ ಮೇಲೆ ಬೀಳೋದು ಬೇರೆ" ಎಂದ. "ಕಲ್ಲಿನ ನೆಲದ ಮೇಲೆ, ಹಿಂದೆ ಯಾರಿದಾರೆ ಅಂತಾನೂ ನೋಡ್ದೆ ಬಿದ್ಯಲ್ಲ, ಆ ಧೈರ್ಯ ಎಲ್ಲಿಂದ ಬಂತು?"

ಅವಳು ಮೇಜುಬಟ್ಟೆಯ ಅಂಚಿಗೆ ಅಂಚು ಕೂಡಿಸಿದಳು.

"ನೀವಿದೀರ ಅಂದ್ಕೊಂಡೆ."

"ಏನು?"

"ಬರಲ್ಲ ಅಂತೀರ, ಆದ್ರೆ ನಾನು ಹೋದ್ಮೇಲೆ ಎದ್ದು ಬಂದೇ ಬಂದಿರ್ತೀರ, ಹಿಂದೆ ನಿಂತಿರ್ತೀರ ಅಂದ್ಕೊಂಡೆ. ಕಣ್ಬಿಟ್ಟು ನೋಡಿದ್ರೆ ಡಾಕ್ಟ್ರು."

ಯಾವನಾದರೂ ಒಬ್ಬನ ಹೆಸರು ಹೇಳಿಬಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಯ್ಯಬಹುದಿತ್ತು, ಒಂದು ವಾರ ಮಾತು ಬಿಡಬಹುದಿತ್ತು. ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಅವನ ಪಕ್ಕದಿಂದಲೇ ಕೌಂಟರಿಗೆ ಹೋದಳು. ಆಗ ಲಾಂಡ್ರಿಯಣ್ಣನಿಗೆ ಹಲ್ಲಿನ ಡಾಕ್ಟರ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿದೆಯಲ್ಲ, ಅದರ ಮುಂದೆ ನಿನ್ನೆಯದೆಲ್ಲ ಏನೂ ಅಲ್ಲ. ಅವಳು ಬಿದ್ದದ್ದು ಇವನ ಕೈಗೆಂದು. ಹಿಡಿದದ್ದು ಆ ಮನುಷ್ಯ.